ಕೆಟಲಾಗ್ ಬರೆಸಿದ ಬಾಯಮ್ಮ

ಅವರ ಮಾನಿಟರಿನ ಎಡಬದಿಯಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದು ಮಸುಕು ಪಟ್ಟೆ ಇತ್ತು. ಬಲಗೈಯ ತೋರುಬೆರಳನ್ನು ಪರದೆಗೆ ಒತ್ತಿ, ಒಂದೊಂದೇ ಸಾಲು ಕೆಳಗಿಳಿಸುತ್ತಾ ಓದುವುದು ಅವರ ಅಭ್ಯಾಸ. ಬೆಳಿಗ್ಗೆ ತಲೆಗೆ ಹಚ್ಚಿದ ತೆಂಗಿನೆಣ್ಣೆಯ ಜಿಡ್ಡು ಬೆರಳಿನಲ್ಲಿ ಉಳಿದಿರುತ್ತಿತ್ತು. ಕಸ ಗುಡಿಸುವ ಅಕ್ಕ ಸೋಮವಾರ ಪರದೆಯನ್ನು ಒರೆಸಿ ಹೋದರೆ ಮಂಗಳವಾರ ಮಧ್ಯಾಹ್ನದೊಳಗೆ ಪಟ್ಟೆ ಮತ್ತೆ ಹಾಜರು. ಮೌಸ್ ಇದೆಯಲ್ಲ ಮೇಡಂ, ಅದನ್ನು ಇಟ್ಟು ಓದಬಹುದಲ್ಲ ಎಂದು ನಾನೊಮ್ಮೆ ಬುದ್ಧಿ ಹೇಳಲು ಹೋದೆ. "ಮೌಸ್ ಜಾರ್ತದೆ. ಬೆರಳು ಜಾರುದಿಲ್ಲ" ಎಂದರು, ತಲೆ ಎತ್ತದೆ.

ಆಫೀಸಿನಲ್ಲಿ ಎಲ್ಲರಿಗೂ ಅವರು ಮೇಡಂ. ನಾನೂ ಎದುರಿಗೆ ಹಾಗೆಯೇ ಕರೆದದ್ದು. ಆದರೆ ನಮ್ಮ ಕಟಪಾಡಿಯ ಮನೆಯಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎನ್ನುವ ರೂಢಿ. ಕೆಲಸಕ್ಕೆ ಸೇರಿದ ದಿನ ಅಮ್ಮ, ನಿನಗೆ ಮೇಲಿನವರು ಯಾರು ಎಂದು ಕೇಳಿದಾಗ "ಶಿರ್ವದ ಒಬ್ಬರು ಬಾಯಮ್ಮ" ಎಂದೆ. ಅಂದಿನಿಂದ ನನ್ನ ಮನಸ್ಸಿನಲ್ಲಿ ಅದೇ ಹೆಸರು ಗಟ್ಟಿಯಾಯಿತು. ಅವರು ತೀರಿಕೊಂಡು ಎರಡು ವರ್ಷವಾಯಿತು. ಈಗ ಬರೆಯಲು ಕುಳಿತರೂ ಬೇರೆ ಹೆಸರು ಕೈಗೆ ಬರುವುದಿಲ್ಲ.

ನಾನು ಇಂಗ್ಲಿಷ್ ಎಂ.ಎ. ಮುಗಿಸಿ, ಎರಡು ವರ್ಷ ಶಾಲೆಯಲ್ಲಿ ಪಾಠ ಮಾಡಿ, ಮಕ್ಕಳಿಗಿಂತ ನನ್ನ ಗಲಾಟೆಯೇ ಹೆಚ್ಚು ಎಂದು ಗೊತ್ತಾದ ಮೇಲೆ ಬಿಟ್ಟವಳು. ಮಣಿಪಾಲದಲ್ಲಿ ಔಷಧಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಹದಿನೈದು ಜನರ ಒಂದು ಕಂಪನಿ ಇತ್ತು. ಅವರದ್ದೇ ಸ್ವಂತ ಡಾಟಾಬೇಸ್ ತಂತ್ರಾಂಶ. ಹಿಂದೆ ನಾಲ್ವರು ಸೇರಿ ಕಟ್ಟಿದ್ದನ್ನು ಕಾಲೇಜುಗಳು, ಗ್ರಂಥಾಲಯಗಳು, ಸಂಶೋಧನೆ ಮಾಡುವವರು ಕೊಂಡು ಬಳಸುತ್ತಿದ್ದರು. ಕಟ್ಟಿದವರು ಒಬ್ಬೊಬ್ಬರಾಗಿ ಬೇರೆ ಬೇರೆ ದಿಕ್ಕಿಗೆ ಹೋದರು. ಹೋಗುವಾಗ ಅದರ ಒಳಗೆ ಏನೇನಿದೆ ಎಂದು ಒಂದು ಸಾಲು ಬರೆದಿಡಲಿಲ್ಲ, ಪುಣ್ಯಾತ್ಮರು. ಗಿರಾಕಿಗಳು ಈಗ ಆ ವಿವರ ಕೊಡಿ ಎಂದು ಪಟ್ಟು ಹಿಡಿದಿದ್ದರು. ಅದನ್ನು ಬರೆಯಲು ನನ್ನನ್ನು ತೆಗೆದುಕೊಂಡದ್ದು. ಆರು ತಿಂಗಳು ನೋಡುತ್ತೇವೆ, ಸರಿ ಕಂಡರೆ ಕಾಯಂ ಎಂದು ಮ್ಯಾನೇಜರ್ ಹೇಳಿದ್ದರು. ಹೇಳಿಕೊಡುವವರು ಬಾಯಮ್ಮ. ಆ ತಂತ್ರಾಂಶದ ಹೊಟ್ಟೆಯೊಳಗಿನ ಸಂಗತಿ ಬಲ್ಲವರೆಂದು ಉಳಿದದ್ದು ಅವರೊಬ್ಬರೇ.

ಮೊದಲ ದಿನ ನನಗೆ ಕೆಟಲಾಗ್ ಎಂದರೇನು ಎಂದೇ ಗೊತ್ತಿರಲಿಲ್ಲ. ಸೀರೆ ಅಂಗಡಿಯ ಕೆಟಲಾಗ್ ಗೊತ್ತಿತ್ತು. ಬಾಯಮ್ಮ ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡರು.

"ನಿಮ್ಮ ಮನೆಯಲ್ಲಿ ಅಡುಗೆ ಯಾರು ಮಾಡುದು?"

"ಅಮ್ಮ."

"ಡಬ್ಬಿಗಳ ಮೇಲೆ ಹೆಸರು ಬರ್ದುಂಟಾ?"

"ಇಲ್ಲ ಮೇಡಂ. ಎಲ್ಲ ಒಂದೇ ನಮೂನೆ ಡಬ್ಬಿ."

"ಆದ್ರೂ ಅಮ್ಮ ಸೀದಾ ಕೈ ಹಾಕಿ ಕೊತ್ತಂಬರಿ ತೆಗೀತಾರೆ, ಅಲ್ವಾ? ಯಾವ ಡಬ್ಬಿಯಲ್ಲಿ ಎಂತ ಉಂಟು, ಎಷ್ಟು ಉಂಟು, ಯಾವುದನ್ನು ಯಾರು ಮುಟ್ಬಾರ್ದು, ಎಲ್ಲ ಅವರ ತಲೆಯಲ್ಲಿ ಉಂಟು. ಡಾಟಾಬೇಸಿಗೂ ಹಾಗೊಂದು ತಲೆ ಬೇಕು. ಅದಕ್ಕೆ ಕೆಟಲಾಗ್ ಅಂತ ಹೇಳುದು. ನಾವು ಬರೀಲಿಕ್ಕಿರುದು ಆ ತಲೆಯ ಬಗ್ಗೆ."

ಇಷ್ಟೇ. ಆಮೇಲೆ ನಾನು ಓದಿದ ದಪ್ಪ ಪುಸ್ತಕಗಳು ಯಾವುವೂ ಇದಕ್ಕಿಂತ ಹೆಚ್ಚು ಹೇಳಲಿಲ್ಲ. ಡಾಟಾಬೇಸ್ ಮಾಹಿತಿಯನ್ನು ಟೇಬಲ್‌ಗಳಲ್ಲಿ, ಅಂದರೆ ಸಾಲು ಸಾಲಾಗಿ ಮನೆ ಕೊರೆದ ಕೋಷ್ಟಕಗಳಲ್ಲಿ ಇಡುತ್ತದೆ. ಆ ಟೇಬಲ್‌ಗಳ ಹೆಸರೇನು, ಅವು ಡಿಸ್ಕಿನಲ್ಲಿ ಎಲ್ಲಿವೆ ಎನ್ನುವುದನ್ನು ತನ್ನದೇ ಒಳಗಿನ ಬೇರೆ ಕೆಲವು ಟೇಬಲ್‌ಗಳಲ್ಲಿ ಗುರುತು ಹಾಕಿಕೊಳ್ಳುತ್ತದೆ. ನಮ್ಮಲ್ಲಿ ಅಂಥವು ಮೂವತ್ತೊಂದು ಇದ್ದವು. ಒಂದೊಂದರ ಅಂಕಣದ ಹೆಸರು ನೋಡಿದರೆ ಯಾರೋ ಬಿಕ್ಕಳಿಸುತ್ತಾ ಟೈಪ್ ಮಾಡಿದಂತೆ ಮೂರಕ್ಷರ, ನಾಲ್ಕಕ್ಷರ. ಅವುಗಳ ಅರ್ಥ ಹುಡುಕಿ ಬರೆಯುವುದು ನಮ್ಮ ಕೆಲಸ.

ಹುಡುಕುವುದಕ್ಕೆ ಬಾಯಮ್ಮನದ್ದೇ ಒಂದು ಕ್ರಮ. ಮೊದಲು ಕೆಟಲಾಗಿನ ಮೂವತ್ತೊಂದು ಟೇಬಲನ್ನೂ ಇದ್ದಂತೆಯೇ ಪ್ರಿಂಟ್ ತೆಗೆಯಬೇಕು. ಆಮೇಲೆ ಪರೀಕ್ಷೆಗೆಂದು ಒಂದು ಸಣ್ಣ ಟೇಬಲ್ ಮಾಡಬೇಕು. ಮತ್ತೆ ಎಲ್ಲವನ್ನೂ ಪ್ರಿಂಟ್ ತೆಗೆಯಬೇಕು. ಎರಡು ಕಟ್ಟುಗಳನ್ನು ಅಕ್ಕಪಕ್ಕ ಇಟ್ಟು, ಎಲ್ಲಿ ಏನು ಬದಲಾಯಿತೋ ಅಲ್ಲಿಗೆ ಕೆಂಪು ಪೆನ್ನಿನಿಂದ ಸುತ್ತು ಹಾಕಬೇಕು. ಆಮೇಲೆ ಮಾತ್ರ ಬರೆಯಬೇಕು. ಕಂಪ್ಯೂಟರಿನಲ್ಲೇ ಹೋಲಿಸಿ ನೋಡಬಹುದಲ್ಲ ಎಂದು ಕೇಳಿ ಬೈಸಿಕೊಂಡವರಲ್ಲಿ ನಾನು ಮೊದಲನೆಯವಳಲ್ಲವಂತೆ. ದಾಖಲೆ ಇಂಗ್ಲಿಷಿನಲ್ಲಿ, ಜಗಳ ಕನ್ನಡದಲ್ಲಿ. ನನ್ನ ಕರಡಿನಲ್ಲಿ ಎಲ್ಲಾದರೂ 'ಇರಬಹುದು' ಎನ್ನುವ ಅರ್ಥದ ಮಾತು ಬಂದರೆ ಅದರ ಕೆಳಗೆ ಗೆರೆ ಎಳೆದು, ಅಂಚಿನಲ್ಲಿ ದುಂಡಗಿನ ಕನ್ನಡ ಅಕ್ಷರದಲ್ಲಿ "ನೋಡಿದೆಯಾ?" ಎಂದು ಬರೆಯುತ್ತಿದ್ದರು. ಒಂದು ಪುಟದಲ್ಲಿ ಏಳು "ನೋಡಿದೆಯಾ?" ಬಂದ ದಿನ ನಾನು ಊಟ ಬಿಟ್ಟಿದ್ದೆ. ಸಿಟ್ಟಿನಲ್ಲಿ. ಅವರು ತಮ್ಮ ಡಬ್ಬಿಯ ಮುಚ್ಚಳದಲ್ಲಿ ಕುಚ್ಚಲಕ್ಕಿ ಅನ್ನ, ಕೋಳಿ ಸುಕ್ಕ ಹಾಕಿ ನನ್ನ ಮೇಜಿನ ಮೇಲಿಟ್ಟು, "ಸಿಟ್ಟು ಮಾಡು, ಹಸಿದು ಕೂರ್ಬೇಡ" ಎಂದು ಹೋದರು. ತಿಂದೆ. ಏಳನ್ನೂ ನೋಡಿದೆ. ನಾಲ್ಕು ತಪ್ಪಿದ್ದವು.

ಪರೀಕ್ಷೆಯ ಟೇಬಲಿಗೆ ಹೆಸರು ಬೇಕಲ್ಲ. ಟೆಸ್ಟ್ ಎಂದು ಇಟ್ಟರೆ ಗಿರಾಕಿಗಳ ನಿಜವಾದ ಟೇಬಲಿಗೂ ಅದೇ ಹೆಸರು ಇರುತ್ತಿತ್ತು. ಸೋಮಾರಿಗಳು ಎಲ್ಲ ಕಡೆ ಇದ್ದಾರೆ. ಹಾಗಾಗಿ ಬಾಯಮ್ಮ ಮೀನಿನ ಹೆಸರು ಇಡುತ್ತಿದ್ದರು. ಬೂತಾಯಿ, ಬಂಗುಡೆ, ಅಂಜಲ್, ಕಾಣೆ, ನಂಗ್. "ಯಾವ ಕಾಲೇಜಿನವನೂ ಟೇಬಲಿಗೆ ಬಂಗುಡೆ ಅಂತ ಹೆಸರಿಡುದಿಲ್ಲ. ನೋಡಿದ ಕೂಡ್ಲೇ ನಮ್ಮದು ಅಂತ ಗೊತ್ತಾಗ್ತದೆ" ಎನ್ನುತ್ತಿದ್ದರು. ಕೆಲಸ ಮುಗಿದ ಮೇಲೆ ಅವನ್ನೆಲ್ಲ ಅಳಿಸಲು ನಾನೊಂದು ಸಣ್ಣ ಆಜ್ಞೆ ಬರೆದು ಇಟ್ಟುಕೊಂಡಿದ್ದೆ. ಅದನ್ನು ಓಡಿಸಿದರೆ ಮೀನಿನ ಹೆಸರಿನ ಟೇಬಲ್ ಎಷ್ಟಿದ್ದರೂ ಒಂದೇ ಏಟಿಗೆ ಖಾಲಿ. ಮೀನು ಕ್ಲೀನ್ ಮಾಡುವುದು ಎಂದು ನಾವು ಅದಕ್ಕೆ ಹೇಳುತ್ತಿದ್ದೆವು. ದಿನಕ್ಕೆ ಐದಾರು ಸಲ ಓಡಿಸಿ ಓಡಿಸಿ ಕೈಗೆ ಅಭ್ಯಾಸವಾಗಿತ್ತು.

ನನ್ನ ಐದನೆಯ ತಿಂಗಳು. ಕಾಪುವಿನಿಂದ ಒಬ್ಬ ನಿವೃತ್ತ ಮೇಷ್ಟ್ರು ತಮ್ಮ ಡಾಟಾಬೇಸನ್ನು ಹೊಸ ಆವೃತ್ತಿಗೆ ಬದಲಿಸಿಕೊಡಿ ಎಂದು ನಮ್ಮಲ್ಲಿಗೆ ಕಳಿಸಿದ್ದರು. ಜೀವಶಾಸ್ತ್ರ ಕಲಿಸಿದವರು. ಹತ್ತೊಂಬತ್ತು ವರ್ಷದಿಂದ ಬೆಳಿಗ್ಗೆ ಬೆಳಿಗ್ಗೆ ಸಮುದ್ರದ ಬದಿಗೆ ಹೋಗಿ, ದೋಣಿ ಬಂದ ಕೂಡಲೇ ಮೀನು ಅಳೆಯುವ ಹುಚ್ಚು ಅವರಿಗೆ. ಉದ್ದ ಎಷ್ಟು, ತೂಕ ಎಷ್ಟು, ಹೊಟ್ಟೆಯಲ್ಲಿ ಮೊಟ್ಟೆ ಇತ್ತೋ ಇಲ್ಲವೋ. ಯಾರೂ ಕೇಳಿದ್ದಲ್ಲ, ಯಾರೂ ಕೊಟ್ಟ ಕೆಲಸವೂ ಅಲ್ಲ. ಹಳೆಯ ನೋಟು ಪುಸ್ತಕಗಳನ್ನು ಗೆದ್ದಲು ತಿಂದಿತ್ತು, ಕಂಪ್ಯೂಟರ್ ಉಪ್ಪುಗಾಳಿಗೆ ಕೆಟ್ಟಿತ್ತು. ಉಳಿದದ್ದು ನಮ್ಮ ಆಫೀಸಿನಲ್ಲಿದ್ದ ಆ ಒಂದೇ ಪ್ರತಿ. ನಾನು ದೊಡ್ಡ ಟೇಬಲ್ ಇದ್ದಾಗ ಕೆಟಲಾಗಿನಲ್ಲಿ ಏನಾಗುತ್ತದೆ ಎಂದು ನೋಡಬೇಕಾಗಿತ್ತು. ಮೇಷ್ಟ್ರದ್ದು ದೊಡ್ಡದಿತ್ತು. ತೆರೆದೆ. ಕ್ರಮದಂತೆ ಪ್ರಿಂಟ್ ತೆಗೆದೆ. ನಂಗ್ ಎಂದು ಒಂದು ಪರೀಕ್ಷೆಯ ಟೇಬಲ್ ಮಾಡಿದೆ. ಬೇಕಾದದ್ದು ನೋಡಿದ ಮೇಲೆ ಬೆರಳು ತಾನಾಗಿಯೇ ಮೀನು ಕ್ಲೀನ್ ಮಾಡಿಬಿಟ್ಟಿತು.

ಐದು ಟೇಬಲ್ ತೆಗೆಯಲಾಗಿದೆ ಎಂದು ಪರದೆ ಹೇಳಿತು.

ನಾನು ಮಾಡಿದ್ದು ಒಂದು. ಉಳಿದ ನಾಲ್ಕು ಮೇಷ್ಟ್ರದ್ದು. ಟೇಬಲಿಗೆ ಬಂಗುಡೆ ಎಂದು ಹೆಸರಿಡುವವರು ಇಡೀ ಜಿಲ್ಲೆಯಲ್ಲಿ ಇಬ್ಬರೇ, ನಮ್ಮ ಬಾಯಮ್ಮ ಮತ್ತು ಆ ಮೇಷ್ಟ್ರು. ನಮ್ಮದು ಅಣಕಕ್ಕೆ, ಅವರದ್ದು ನಿಜಕ್ಕೆ. ಹತ್ತೊಂಬತ್ತು ವರ್ಷದ ಬೂತಾಯಿ, ಬಂಗುಡೆ, ಅಂಜಲ್, ಕಾಣೆ ಒಂದು ಗುಂಡಿ ಒತ್ತಿದ್ದಕ್ಕೆ ಹೋಗಿತ್ತು. ಕೈ ಹಾಕುವ ಮೊದಲು ಬೇರೊಂದು ಪ್ರತಿ ತೆಗೆದಿಡಬೇಕು ಎನ್ನುವುದು ಅಲ್ಲಿ ಮೊದಲ ಪಾಠ. ನಾನು ತೆಗೆದಿಡಲಿಲ್ಲ. ಕಾರಣ ಕೇಳಬೇಡಿ, ಕಾರಣವೇ ಇಲ್ಲ.

ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ನಿಂತೆ. ಹತ್ತು ನಿಮಿಷ ನಿಂತಿರಬೇಕು. ಅತ್ತದ್ದು ಎರಡು ನಿಮಿಷ. ಉಳಿದ ಎಂಟು ನಿಮಿಷ ಲೆಕ್ಕ ಹಾಕಿದೆ, ಅದನ್ನು ಹೇಳಿಬಿಡುತ್ತೇನೆ. ಉಪ್ಪುಗಾಳಿಗೆ ಕೆಟ್ಟ ಕಂಪ್ಯೂಟರಿನಿಂದ ಬಂದದ್ದು. ಬರುವಾಗಲೇ ಹಾಳಾಗಿತ್ತು ಎಂದರೆ ಮೇಷ್ಟ್ರು ನಂಬುತ್ತಾರೆ. ಮ್ಯಾನೇಜರೂ ನಂಬುತ್ತಾರೆ. ಇನ್ನೊಂದು ತಿಂಗಳಿಗೆ ನನ್ನ ಕೆಲಸ ಕಾಯಂ. ಅಷ್ಟು ಸಲೀಸು. ಮುಖ ತೊಳೆದು ಹೊರಗೆ ಬಂದೆ, ಹಾಗೆ ಹೇಳಬೇಕೆಂದೇ ಬಂದೆ. ಆದರೆ ಬಾಯಮ್ಮ ಬೆರಳನ್ನು ಪರದೆಯ ಮೇಲಿಟ್ಟು ತಿರುಗಿ ನೋಡಿದಾಗ ಬಾಯಿಯಿಂದ ಬಂದದ್ದು ಬೇರೆ.

"ಮೇಡಂ, ಕಾಪು ಸರ್‌ದು ಮೀನೆಲ್ಲ ನಾನು ಅಳಿಸಿ ಹಾಕಿದೆ."

ಅವರ ಬೆರಳು ಪರದೆಯ ಮೇಲೆಯೇ ಇತ್ತು. ಮುಖ ಬಿಳುಚಿತು. ನನಗಿಂತ ಹೆಚ್ಚು ಹೆದರಿದ್ದು ಅವರು ಎಂದು ಆಗ ಅನ್ನಿಸಿತು, ಯಾಕೆಂದು ಗೊತ್ತಾಗಲಿಲ್ಲ.

"ಆಮೇಲೆ ಎಂತ ಮಾಡಿದೆ?"

"ಎಂತದೂ ಮಾಡ್ಲಿಲ್ಲ. ಸೀದಾ ಇಲ್ಲಿಗೆ ಬಂದೆ." ಬಾತ್‌ರೂಮ್ ವಿಷಯ ಬಿಟ್ಟೆ.

"ಒಳ್ಳೇದು. ಯಾರೂ ಅದನ್ನು ಮುಟ್ಬಾರ್ದು. ಒಂದು ಕುರ್ಚಿ ತಾ. ಹದಿನಾಲ್ಕನೇ ಪುಟ ತೆಗೆ, ಬರ್ದವಳು ನೀನೇ."

ನಮ್ಮ ದಾಖಲೆಯ ಹದಿನಾಲ್ಕನೆಯ ಪುಟ ನಾನು ಆಕಳಿಸುತ್ತಾ ಬರೆದದ್ದು. ಟೇಬಲ್ ಅಳಿಸು ಎಂದರೆ ನಮ್ಮ ತಂತ್ರಾಂಶ ಮಾಡುವುದು ಕೆಟಲಾಗಿನಿಂದ ಅದರ ವಿವರ ತೆಗೆಯುವುದಷ್ಟೇ. ಒಳಗಿನ ಮಾಹಿತಿ ಡಿಸ್ಕಿನಲ್ಲಿ ಇದ್ದ ಜಾಗದಲ್ಲೇ ಇರುತ್ತದೆ. ಆ ಜಾಗ ಖಾಲಿ ಎಂದು ಇನ್ನೊಂದು ಪಟ್ಟಿಯಲ್ಲಿ ಗುರುತು ಮಾಡಿಕೊಳ್ಳುತ್ತದೆ. ಹೊಸ ಮಾಹಿತಿ ಬಂದು ಅದರ ಮೇಲೆ ಕುಳಿತಾಗ ಮಾತ್ರ ಹಳೆಯದು ನಿಜಕ್ಕೂ ಹೋಗುವುದು. ಈ ನಾಲ್ಕು ವಾಕ್ಯಕ್ಕೆ ಬಾಯಮ್ಮ ನನ್ನಿಂದ ಹನ್ನೊಂದು ಸಲ ಪರೀಕ್ಷೆ ಮಾಡಿಸಿದ್ದರು. ಯಾರು ಓದುತ್ತಾರೆ ಇದನ್ನು ಎಂದು ನಾನು ಗೊಣಗಿದ್ದೆ.

"ಡಬ್ಬಿ ಹೋಗ್ಲಿಲ್ಲ ಮಾರಾಯ್ತಿ" ಎಂದರು ಪುಟ ಓದುತ್ತಾ. "ಅಮ್ಮನಿಗೆ ಮರ್ತು ಹೋದದ್ದು. ನಾವು ನೆನಪು ಮಾಡುವ."

ನಾನು ಆ ಮಾತಿಗೆ ಕುರ್ಚಿಯ ತುದಿಯಿಂದ ಹಿಂದಕ್ಕೆ ಸರಿದು ಸರಿಯಾಗಿ ಕುಳಿತೆ.

ಅವರು ಮೊದಲು ಮಾಡಿದ ಕೆಲಸವೆಂದರೆ ಇಡೀ ಡಿಸ್ಕನ್ನು ಇದ್ದ ಹಾಗೆ ಪ್ರತಿ ತೆಗೆದದ್ದು. ಅದು ಮುಗಿಯುವವರೆಗೆ ಅರ್ಧ ಗಂಟೆ ಇಬ್ಬರೂ ಕೈಕಟ್ಟಿ ಕುಳಿತೆವು. ಆಮೇಲೆ ಬೆಳಿಗ್ಗೆ ನಾನು ತೆಗೆದ ಪ್ರಿಂಟಿನ ಕಟ್ಟು ಹೊರಗೆ ಬಂತು. ನಾಲ್ಕು ಟೇಬಲ್‌ಗಳ ಹೆಸರು, ಅಂಕಣಗಳು, ಡಿಸ್ಕಿನಲ್ಲಿ ಶುರುವಾಗುವ ಜಾಗದ ಸಂಖ್ಯೆ, ಎಲ್ಲ ಅದರಲ್ಲಿತ್ತು. ಅವರು ಕಾಗದದ ಮೇಲೆ ಬೆರಳಿಟ್ಟು ಓದುವುದು, ನಾನು ಕೆಟಲಾಗಿಗೆ ಟೈಪ್ ಮಾಡುವುದು, ಟೈಪ್ ಮಾಡಿದ್ದನ್ನು ತಿರುಗಿ ಓದಿ ಹೇಳುವುದು. ಬೂತಾಯಿ ಬಂತು. ಅಂಜಲ್ ಬಂತು. ಕಾಣೆ ಬಂತು. ಬಂಗುಡೆಗೆ ಬಂದಾಗ ಸಂಖ್ಯೆಯ ಒಂದು ಅಂಕೆ ಶಾಯಿ ಕಡಿಮೆಯಾಗಿ ಮೂರೋ ಎಂಟೋ ತಿಳಿಯುತ್ತಿರಲಿಲ್ಲ.

"ಎಂಟು ಇರ್ಬೇಕು ಮೇಡಂ."

ಅವರು ನನ್ನನ್ನೇ ನೋಡಿದರು. ಕೆಂಪು ಪೆನ್ನು ಕೈಯಲ್ಲಿ ಇರಲಿಲ್ಲ ಅಷ್ಟೇ.

ಖಾಲಿ ಜಾಗದ ಪಟ್ಟಿ ತೆರೆದು ನೋಡಿದೆ. ಎಂಟು ಬರುವ ಸಂಖ್ಯೆ ಅಲ್ಲಿ ಇರಲಿಲ್ಲ, ಮೂರು ಬರುವುದು ಇತ್ತು. ನಾನು ಹೇಳಿದ ಹಾಗೆ ಬರೆದಿದ್ದರೆ ಬಂಗುಡೆ ಟೇಬಲ್ ಯಾವುದೋ ಬೇರೆ ಮಾಹಿತಿಯ ಮೇಲೆ ಬಾಯಿ ತೆರೆಯುತ್ತಿತ್ತು. ನಾಲ್ಕು ಗಂಟೆಗೆ ನಾಲ್ಕೂ ಟೇಬಲ್ ಬಂದವು. ಸಾಲುಗಳ ಲೆಕ್ಕ ಬೆಳಗಿನ ಪ್ರಿಂಟಿಗೆ ಸರಿ ಹೊಂದಿತು. ಬಾಯಮ್ಮ ಚಾ ತರಿಸಿ, ಎರಡು ಮಾರಿ ಬಿಸ್ಕತ್ತು ಅದ್ದಿ ತಿಂದು, ಮ್ಯಾನೇಜರ ಕೋಣೆಗೆ ನನ್ನನ್ನೂ ಕರೆದುಕೊಂಡು ಹೋಗಿ ನಡೆದದ್ದನ್ನು ನನ್ನಿಂದಲೇ ಹೇಳಿಸಿದರು. ಮ್ಯಾನೇಜರ್ ಒಂದು ದೊಡ್ಡ ಉಸಿರು ಬಿಟ್ಟು, "ಸರಿಯಾಯ್ತಲ್ಲ, ಮುಗೀತು. ಹೊರಗೆ ಹೇಳ್ಲಿಕ್ಕೆ ಹೋಗ್ಬೇಡಿ" ಎಂದರು. ನನಗೆ ಅವರ ಕಾಲಿಗೆ ಬೀಳುವಷ್ಟು ಖುಷಿಯಾಯಿತು.

ಹೊರಗೆ ಬಂದ ಕೂಡಲೇ ಬಾಯಮ್ಮ ಹೇಳಿದರು, "ನಾಳೆ ಬೆಳಿಗ್ಗೆ ಕಾಪುವಿಗೆ ಹೋಗುವ."

"ಯಾಕೆ ಮೇಡಂ? ಎಲ್ಲ ಬಂತಲ್ಲ."

"ಬಂದದ್ದು ಸರಿ ಉಂಟಾ ಅಂತ ನಮಗೆ ಹೇಗೆ ಗೊತ್ತು? ಮೀನು ಅಳ್ದವರು ಅವರು. ಹೇಳುದು ನೀನೇ. ನಾನು ಪಕ್ಕದಲ್ಲಿ ಕೂತಿರ್ತೇನೆ."

ಮರುದಿನ ಉಡುಪಿಯಿಂದ ಕಾಪುವಿನ ಬಸ್ಸಿನಲ್ಲಿ ನಾನು ಅವರ ಹತ್ತಿರ ಒಂದು ಮಾತೂ ಆಡಲಿಲ್ಲ. ಸಿಟ್ಟು ಅಷ್ಟಿತ್ತು. ಬದುಕಿಸಿದವರೇ ಕತ್ತು ಹಿಡಿದು ಎಳೆದುಕೊಂಡು ಹೋಗುತ್ತಿದ್ದಾರಲ್ಲ ಎಂದು. ಮೇಷ್ಟ್ರ ಜಗಲಿಯಲ್ಲಿ ಅಳತೆಯ ಹಲಗೆ ಗೋಡೆಗೆ ಒರಗಿಕೊಂಡಿತ್ತು. ಹೇಳಿದೆ. ಪಕ್ಕದಲ್ಲಿ ಬಾಯಮ್ಮ ಬ್ಯಾಗನ್ನು ಮಡಿಲಲ್ಲಿ ಹಿಡಿದು ಸುಮ್ಮನೆ ಕುಳಿತಿದ್ದರು. ನಾನು ತೊದಲಿದರೂ ಒಂದು ಶಬ್ದ ಸೇರಿಸಲಿಲ್ಲ.

ಮೇಷ್ಟ್ರು ನಾವು ತಂದ ಲ್ಯಾಪ್‌ಟಾಪನ್ನು ಎಳೆದುಕೊಂಡರು. ಗೆದ್ದಲು ಬಿಟ್ಟ ಎರಡು ನೋಟು ಪುಸ್ತಕ ತಂದು ಸಾಲು ಹಿಡಿದು ನೋಡಿದರು. ಹತ್ತು ನೋಡಿದರು, ಇಪ್ಪತ್ತು ನೋಡಿದರು. ಕೊನೆಗೆ ಪುಸ್ತಕ ಮುಚ್ಚಿಟ್ಟು ಒಂದು ಅಂಜಲನ್ನು ನೆನಪಿನಿಂದಲೇ ಹುಡುಕಿದರು. ಅಳತೆ ಹಲಗೆಯಿಂದ ಬಾಲ ಹೊರಗೆ ಬಂದದ್ದಂತೆ ಅದು. ಸಿಕ್ಕಿತು. "ಉಂಟು, ಇದೂ ಉಂಟು" ಎಂದು ಅವರು ಹೇಳಿದಾಗ ನನ್ನ ಕಣ್ಣಲ್ಲಿ ನೀರು ಬಂತು.

"ಒಂದು ಪ್ರತಿ ತೆಗ್ದಿಡ್ಲಿಕ್ಕೆ ಎಂತ ಕಷ್ಟ ನಿಮಗೆ?" ಎಂದು ಸರಿಯಾಗಿ ಬೈದರು. ಆಮೇಲೆ, "ಬಂದು ಹೇಳಿದಿರಲ್ಲ. ಈಗ ಈ ಪೆಟ್ಟಿಗೆಯನ್ನು ನಂಬಬಹುದು. ಊಟ ಮಾಡಿಯೇ ಹೋಗ್ಬೇಕು, ಬಂಗುಡೆ ಉಂಟು" ಎಂದರು. ಬಾಯಮ್ಮ ನಕ್ಕುಬಿಟ್ಟರು. ನಾನು ಮೂರು ಬಂಗುಡೆ ತಿಂದೆ. ಹಿಂದಿನ ದಿನದಿಂದ ಹೊಟ್ಟೆಗೆ ಏನೂ ಇಳಿದಿರಲಿಲ್ಲ.

ಹಿಂತಿರುಗುವಾಗ ಕಟಪಾಡಿಯಲ್ಲಿ ಇಬ್ಬರೂ ಇಳಿದೆವು. ನನ್ನ ಮನೆ ಅಲ್ಲೇ, ಅವರಿಗೆ ಶಿರ್ವದ ಬಸ್ಸು ಹಿಡಿಯಬೇಕು. ಬಸ್ಸು ಬಂತು. ಅವರು ಹತ್ತಲಿಲ್ಲ.

"ನಿನ್ನೆ ನೀನು ಬಂದು ಹೇಳಿದಿಯಲ್ಲ" ಎಂದರು. "ನಾನು ಹೇಳಿರ್ಲಿಲ್ಲ."

ನನಗೆ ಅರ್ಥವಾಗಲಿಲ್ಲ. ಬಸ್ಸು ನಿಲ್ದಾಣದ ಕಲ್ಲು ಬೆಂಚಿನಲ್ಲಿ ಕುಳಿತು, ರಸ್ತೆಯನ್ನೇ ನೋಡುತ್ತಾ ಹೇಳಿದರು. ಇಪ್ಪತ್ತೆರಡು ವರ್ಷದ ಹಿಂದೆ ಅವರು ಕೆಲಸಕ್ಕೆ ಸೇರಿದ ಹೊಸತು. ಒಂದು ಕಾಲೇಜಿನ ಡಾಟಾಬೇಸಿನಲ್ಲಿ ಕೆಟಲಾಗಿನ ಒಂದು ಸಾಲು ಬೇಡದ್ದು ಎಂದು ಕಂಡಿತು. ಅಳಿಸಿದರು. ಮಕ್ಕಳ ಹಳೆಯ ದಾಖಲೆಯ ಟೇಬಲ್ ಒಂದು ಮಾಯವಾಯಿತು. ಅಳಿಸಿದ ಮೇಲೆ ಗೊತ್ತಾಯಿತು, ಆದರೆ ನಾಳೆ ನೋಡುವ ಎಂದು ಮನೆಗೆ ಹೋದರು. ಅಂದು ಸಂಜೆ ಬ್ಯಾಕಪ್ ತೆಗೆಯುವ ಸಹೋದ್ಯೋಗಿ ಎಂದಿನಂತೆ ಹಳೆಯ ಪ್ರತಿಯ ಮೇಲೆ ಹೊಸ ಪ್ರತಿ ತೆಗೆದ. ಬೆಳಿಗ್ಗೆ ನೋಡಿದರೆ ಟೇಬಲ್ ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಎಲ್ಲರೂ ಅವನು ಬ್ಯಾಕಪ್ ತೆಗೆಯುವಾಗ ಕೆಡಿಸಿದ ಎಂದರು. ಅವನೂ ಹಾಗೆಯೇ ಅಂದುಕೊಂಡ. ಕೈ ಮುಗಿದು ಕ್ಷಮೆ ಕೇಳಿ ಕೆಲಸ ಬಿಟ್ಟು ಹೋದ.

"ನಾನು ಬಾಯಿ ಬಿಡ್ಲಿಲ್ಲ. ನಾಳೆ ಹೇಳುವ, ನಾಳೆ ಹೇಳುವ ಅಂತ. ಮತ್ತೆ ಹೇಳ್ಲಿಕ್ಕೆ ದಿನವೇ ಇಲ್ಲ. ಆ ಮಾಹಿತಿ ಸಹ ಡಿಸ್ಕಿನಲ್ಲೇ ಇತ್ತು, ಗೊತ್ತುಂಟಾ? ಹದಿನಾಲ್ಕನೇ ಪುಟ ಆಗ ನನಗೆ ಗೊತ್ತಿರ್ಲಿಲ್ಲ. ಗೊತ್ತಾಗುವಾಗ ಆ ಡಿಸ್ಕನ್ನು ಗುಜರಿಗೆ ಹಾಕಿ ಆಗಿತ್ತು."

ಆಮೇಲೆ ಶುರುವಾದದ್ದು ಈ ಬೆರಳು, ಈ ಪ್ರಿಂಟು, ಈ ಕೆಂಪು ಪೆನ್ನು. ನಾನು ಬಾತ್‌ರೂಮಿನಲ್ಲಿ ನಿಂತ ಎಂಟು ನಿಮಿಷದ ಕತೆಯನ್ನು ಆಗ ಅವರಿಗೆ ಹೇಳಿದೆ. ಅವರು ನನ್ನ ಮೊಣಕೈ ಹಿಡಿದುಕೊಂಡರು.

"ಅವರು ಈಗ ಎಲ್ಲಿದ್ದಾರೆ?"

"ಕಾರ್ಕಳದಲ್ಲಿ. ಜೆರಾಕ್ಸ್ ಅಂಗಡಿ."

ಮುಂದಿನ ಎರಡನೇ ಶನಿವಾರ ಬೆಳಿಗ್ಗೆ ಫೋನ್ ಬಂತು. "ಕಾರ್ಕಳಕ್ಕೆ ಹೋಗ್ಲಿಕ್ಕುಂಟು. ಹೇಳುದು ನಾನೇ. ನೀನು ಪಕ್ಕದಲ್ಲಿ ಕೂತ್ಕೊಳ್ತಿಯಾ?" ಅವರ ಬಾಯಿಯಲ್ಲಿ ಇಂಥ ಕೋರಿಕೆ ಕೇಳಿ ಅಭ್ಯಾಸವಿಲ್ಲದ ನಾನು ಎರಡು ಸಲ ಹೂಂ ಎಂದೆ.

ಅಂಗಡಿ ಮನೆಗೆ ತಾಗಿಕೊಂಡೇ ಇತ್ತು. ತಲೆ ನರೆತ ಒಬ್ಬರು ಗಿರಾಕಿಯ ಕಾಗದ ತೆಗೆದುಕೊಂಡು, ಜೆರಾಕ್ಸ್ ಮಾಡಿ, ಮೂಲವನ್ನು ಮೊದಲು ಗಿರಾಕಿಯ ಕೈಗೆ ಕೊಟ್ಟು, "ನೋಡಿ, ಸರಿ ಉಂಟಲ್ಲ? ಎಲ್ಲ ಪುಟ ಉಂಟಲ್ಲ?" ಎಂದು ಕೇಳಿ, ಅವರು ಹೂಂ ಎಂದ ಮೇಲೂ ಇನ್ನೊಮ್ಮೆ ಕೇಳಿ ಕಳಿಸುತ್ತಿದ್ದರು. ನಾವು ಬೆಂಚಿನಲ್ಲಿ ಕುಳಿತು ಕಾಯುವಷ್ಟರಲ್ಲಿ ಮೂರು ಗಿರಾಕಿಗಳಿಗೆ ಹಾಗೆಯೇ ಕೇಳಿದರು. ಬಾಯಮ್ಮ ನೆಲ ನೋಡುತ್ತಿದ್ದರು.

ಅಂಗಡಿ ಖಾಲಿಯಾದಾಗ ಹೇಳಿದರು. ಇಬ್ಬರೂ ತುಳುವಿನಲ್ಲಿ ಮಾತಾಡಿದ್ದು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸುತ್ತಿ ಬಳಸಲಿಲ್ಲ. ಆ ಟೇಬಲ್ ಹೋದದ್ದು ನಿಮ್ಮಿಂದಲ್ಲ, ಮಧ್ಯಾಹ್ನವೇ ನಾನು ಅಳಿಸಿದ್ದೆ, ಗೊತ್ತಿದ್ದೂ ಹೇಳಲಿಲ್ಲ ಎಂದರು. ಅಂಗಡಿಯವರು ಕೈಯಲ್ಲಿದ್ದ ಕಾಗದದ ಕಟ್ಟನ್ನು ಮೇಜಿನ ಮೇಲಿಟ್ಟರು. 'ಅದು ಹೇಗೆ' ಎಂದು ಕೇಳಿದರು. ಬೈಗುಳವಲ್ಲ, ಅವರಿಗೆ ನಿಜಕ್ಕೂ ತಿಳಿಯಬೇಕಾಗಿತ್ತು. ಬಾಯಮ್ಮ ಒಂದು ಹಾಳು ಜೆರಾಕ್ಸಿನ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು. ಇದು ಕೆಟಲಾಗ್, ಇದು ನಾನು ಅಳಿಸಿದ ಸಾಲು, ಈ ಹೊತ್ತಿಗೆ ಟೇಬಲ್ ಕಾಣದೆ ಆಗಿತ್ತು, ನೀವು ಬಂದದ್ದು ಇಲ್ಲಿ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು.

"ಹಾಗಾದ್ರೆ ನಾನು ತೆಗ್ದ ಬ್ಯಾಕಪ್ ಸರಿ ಇತ್ತು."

"ಸರಿ ಇತ್ತು. ಇದ್ದದ್ದನ್ನು ಇದ್ದ ಹಾಗೆ ತೆಗ್ದಿದ್ರಿ."

"ಸರಿ ಇತ್ತು" ಎಂದು ಅವರು ತಮಗೇ ಹೇಳಿಕೊಂಡರು. ಆಮೇಲೆ, "ನನ್ನ ಅಪ್ಪ ಇರುವಾಗ ಹೇಳ್ಬಹುದಿತ್ತು ನೀವು. ಮಗ ಕೆಡಿಸಿದ್ದು ಅಂತಲೇ ತಿಳ್ಕೊಂಡು ಹೋದ್ರು" ಎಂದರು. ಬಾಯಮ್ಮ ಹೌದು ಎಂದರು. ಆ ಹೌದು ಹೇಳುವಾಗ ಅವರ ಕೈ ನನ್ನ ಕೈಯನ್ನು ಹಿಡಿದುಕೊಂಡಿತ್ತು, ತಣ್ಣಗಿತ್ತು. ಅಂಗಡಿಯವರು ಎದ್ದು ಮನೆಯ ಬಾಗಿಲಿಗೆ ಹೋಗಿ ಒಳಗೆ ಇಣುಕಿ ಹೆಂಡತಿಯನ್ನು ಕರೆದರು. "ಇಲ್ಲಿ ಬಾ ಒಮ್ಮೆ. ಮಣಿಪಾಲದ ಆ ಕೆಲಸ ಹೋಯ್ತಲ್ಲ, ಅದು ನಾನು ಕೆಡಿಸಿದ್ದಲ್ಲವಂತೆ." ಹಿಂದಿರುಗಿದಾಗ ನಗುತ್ತಿದ್ದರು, ಕಣ್ಣು ಒರೆಸಿಕೊಳ್ಳುತ್ತಲೇ. ಆ ಚಿತ್ರ ಬರೆದ ಕಾಗದವನ್ನು ಕೊಡುತ್ತೀರಾ ಎಂದು ಕೇಳಿದರು. ಕೊಟ್ಟೆವು. ಅದಕ್ಕೆ ಲ್ಯಾಮಿನೇಶನ್ ಮಾಡಲು ಕುಳಿತರು.

ಬಾಯಮ್ಮನಿಂದ ನಾನು ಏನೆಲ್ಲ ಕಲಿತೆ ಎಂದು ಈಗ ಕೆಲವರು ಕೇಳುತ್ತಾರೆ. ಮೂವತ್ತೊಂದು ಟೇಬಲಿನ ಆ ದಾಖಲೆ ಇವತ್ತಿಗೂ ಗಿರಾಕಿಗಳ ಕೈಯಲ್ಲಿದೆ, ನನ್ನ ಹೆಸರೂ ಅದರಲ್ಲಿದೆ, ಅದರಿಂದಲೇ ನನ್ನ ಹೊಟ್ಟೆಪಾಡು ನಡೆದದ್ದು. ಆದರೆ ನನ್ನ ಋಣ ಅದಲ್ಲ. ಅವರಂತೆಯೇ ನನ್ನ ಹೆಗಲಿಗೂ ಬರಬೇಕಾಗಿದ್ದ ಇಪ್ಪತ್ತೆರಡು ವರ್ಷದ ಭಾರವನ್ನು ಅವರು ಒಂದೇ ದಿನದಲ್ಲಿ ಇಳಿಸಿದರು. ಅದನ್ನು ಯಾರಿಗೂ ತಿಳಿಸಿ ಹೇಳಲು ನನಗೆ ಬರುವುದಿಲ್ಲ.

ಅಂದು ಕಾರ್ಕಳದಿಂದ ಬೆಳ್ಮಣ್, ಶಿರ್ವ ಹಾದು ಕಟಪಾಡಿಗೆ ಬರುವ ಬಸ್ಸಿನಲ್ಲಿ ಕಿಟಕಿಯ ಬದಿಗೆ ಅವರು ಕುಳಿತರು. ಇಷ್ಟು ತಿಂಗಳಲ್ಲಿ ಅವರು ಬಸ್ಸಿನಲ್ಲಿ ಕಣ್ಣು ಮುಚ್ಚಿದ್ದನ್ನು ನಾನು ನೋಡಿರಲಿಲ್ಲ. ಬೆಳ್ಮಣ್ ದಾಟುವುದರೊಳಗೆ ನಿದ್ದೆ ಹೋಗಿದ್ದರು, ಬಾಯಿ ಸ್ವಲ್ಪ ತೆರೆದುಕೊಂಡು, ತಲೆ ನನ್ನ ಭುಜಕ್ಕೆ ಒರಗಿತ್ತು. ಅವರು ಇಳಿಯಬೇಕಾದ ಶಿರ್ವ ಬಂತು. ಕಂಡಕ್ಟರ್ ಶಿರ್ವ ಶಿರ್ವ ಎಂದು ಕೂಗಿದ. ಎಬ್ಬಿಸಲು ನನಗೆ ಮನಸ್ಸು ಬರಲಿಲ್ಲ. ಅವರ ಟಿಕೆಟನ್ನೂ ಕಟಪಾಡಿಗೆ ಮಾಡಿ ಎಂದು ಕಂಡಕ್ಟರಿಗೆ ಮೆಲ್ಲಗೆ ಹೇಳಿದೆ.